ಗಿಟಾರಿನ ಒಂಬತ್ತು ಸಾಲು: ವ್ಯಾಖ್ಯಾನ ಸಹಿತ

ಮೂಲ

1. ತಮ್ಮಾ, ತಂತಿ ಎರಡರಾಗೂ ಒಂದೇ, ಕಿವಿ ಬ್ಯಾರೆ ಬ್ಯಾರೆ.
2. ಹಳೇದು ಉಕ್ಕು ಅಳ್ಳಾಡೋದು ಕೇಳ್ತದ, ಹೊಸದು ಘೋಡಿ ಮ್ಯಾಲಿನ ಒತ್ತಡ ಕೇಳ್ತದ.
3. ಜನರೇಟರ್ ಚಾಲೂ ಆತಂದ್ರ ಹಳೇದು ಗುಂಯ್ ಅಂತದ.
4. ಹೊಸದರ ಹೊಟ್ಟ್ಯಾಗ ಇಪ್ಪತ್ತು ಗಿಟಾರ್ ಅವ, ಆದ್ರ ರೆಕಾರ್ಡ್ ಒಂದೂ ಇಲ್ಲ.
5. ಹಾಡವರು ಕಾಳಿ ಏಕ್ ಬಿಟ್ಟು ಪಾಂಢ್ರಿ ಏಕಕ್ಕ ಇಳದ್ರ, ಹೊಸದು ತಾನೂ ಇಳೀತದ.
6. ಸಪ್ಪಳ ಇಲ್ಲದ ಮನ್ಯಾಗ ಬಾರಿಸಿದ್ರ ಗುಟ್ಟು ಹೊರಗ ಬೀಳ್ತದ.
7. ಸ್ಪೀಕರ್ ಮುಂದ ನಿಂತು ತಂತಿ ಚೀರಸಬೇಕಂದ್ರ ಹಳೇದೇ ಬೇಕು.
8. ಹಳೇದು ಕೆಟ್ರ ಊರಾಗ ದುರಸ್ತಿ, ಹೊಸದು ಕೆಟ್ರ ಊರಿಗೂರು ತಿರುಗಾಟ.
9. ನಕಲು ಬೇಕಂದ್ರ ಕಾಲಾಗ ಇಟ್ಕೊ, ಎದಿಗಿ ಹಚ್ಕೋಬ್ಯಾಡ.

ವ್ಯಾಖ್ಯಾನ

ಈ ಸಾಲುಗಳು ಯಾವ ಹಳೆಯ ಹೊತ್ತಿಗೆಯಲ್ಲೂ ಸಿಗುವುದಿಲ್ಲ. ಆಳಂದ ತಾಲ್ಲೂಕಿನ ನರೋಣಾ ಕಡೆಯ ಒಬ್ಬ ಹುಡುಗ, ಮದುವೆ ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವ, "ಅಣ್ಣಾರ, ಮಾಡೆಲಿಂಗ್ ಗಿಟಾರ್ ತಗೋಬೇಕೊ, ಸಾದಾ ಎಲೆಕ್ಟ್ರಿಕ್ ತಗೋಬೇಕೊ" ಎಂದು ಕೇಳಿದ್ದಕ್ಕೆ ನಾನೇ ಬರೆದು ಕಳಿಸಿದ ಉತ್ತರ ಇದು. ಉತ್ತರ ಓದಿ ಅವ "ಸ್ವಲ್ಪ ಬಿಡಿಸಿ ಹೇಳ್ರಿ" ಎಂದ. ಅವನ ಬೇಡಿಕೆಯಲ್ಲಿ ಹೊಸದೇನೂ ಇಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದೇ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಇಲ್ಲಿಯ ಜನ ಹೇಳುತ್ತಾರೆ. ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ದೇಶದ ಹೆಚ್ಚಿನ ಹಿಂದೂ ಮನೆಗಳಲ್ಲಿ ಅಣ್ಣತಮ್ಮಂದಿರ ಪಾಲು ಶತಮಾನಗಳ ಕಾಲ ಆ ವ್ಯಾಖ್ಯಾನದ ಮೇಲೆಯೇ ಆಗಿದೆ. ಅಂಥ ಸೀಮೆಯಲ್ಲಿ ಗಿಟಾರಿಗೂ ಒಂದು ವ್ಯಾಖ್ಯಾನ ಇರಲಿ.

ತಮ್ಮಾ, ತಂತಿ ಎರಡರಾಗೂ ಒಂದೇ, ಕಿವಿ ಬ್ಯಾರೆ ಬ್ಯಾರೆ.

ಸಾಲುಗಳಲ್ಲಿ 'ಹಳೇದು' ಎಂದರೆ ಸಾದಾ ಎಲೆಕ್ಟ್ರಿಕ್ ಗಿಟಾರು, 'ಹೊಸದು' ಎಂದರೆ ಒಂದೇ ವಾದ್ಯದಿಂದ ಹಲವು ಗಿಟಾರುಗಳ ದನಿ ಕೊಡುವ ಮಾಡೆಲಿಂಗ್ ಗಿಟಾರು. ಅಂಗಡಿಯವರು ಮಾಡೆಲಿಂಗ್ ಗಿಟಾರನ್ನು ಬೇರೆಯೇ ಜಾತಿಯ ವಾದ್ಯವೆಂಬಂತೆ ಮಾರುತ್ತಾರೆ. ಹಾಗೇನಿಲ್ಲ. ಅದೇ ಆರು ಉಕ್ಕಿನ ತಂತಿ, ಅದೇ ಮರದ ಕುತ್ತಿಗೆ, ಅದೇ ಫ್ರೆಟ್ಟು. ಎಡಗೈ ಒತ್ತುವುದು, ಬಲಗೈ ಮೀಟುವುದು ಎಲ್ಲ ಅದೇ. ತಂತಿಯ ಅಲುಗಾಟವನ್ನು ಯಾರು ಕೇಳಿಸಿಕೊಂಡು ಕರೆಂಟಾಗಿ ಮಾಡುತ್ತಾರೆ, ಆ ಕರೆಂಟು ಆಮೇಲೆ ಎಲ್ಲಿ ಹಾದುಹೋಗುತ್ತದೆ ಎಂಬಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ.

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದೇ ಕಿವಿ ಬದಲಿಸಿದ್ದರಿಂದ. ಅಮೆರಿಕದಲ್ಲಿ ಜಾರ್ಜ್ ಬೋಶಾಂ 1931ರಲ್ಲಿ ತಂತಿಗೆ ಅಯಸ್ಕಾಂತದ ಪಿಕಪ್ ಹಚ್ಚಿದ ಮಾದರಿ ಮಾಡಿದ. ಮರುವರ್ಷ ಅದು ರಿಕನ್‌ಬ್ಯಾಕರ್ ಜೊತೆಗೂಡಿ ಮಾರಾಟಕ್ಕೆ ಬಂತು. ಮೈಯೆಲ್ಲ ಅಲ್ಯುಮಿನಿಯಮ್ಮು, ನೋಡಲಿಕ್ಕೆ ಹಿಡಿಯಿರುವ ತವೆ, ಅದಕ್ಕೇ ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಎಂದರು. ತೊಡೆಯ ಮೇಲೆ ಮಲಗಿಸಿ, ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿ ಗಿಟಾರು ಅದು. ನಿಂತು ಬಾರಿಸುವ ಗಟ್ಟಿಮರದ ಗಿಟಾರು ಪೇಟೆ ತುಂಬಿದ್ದು 1950ರ ಈಚೆ: ಫೆಂಡರ್ ಕಂಪನಿಯದು ಮೊದಲು, 1952ರಲ್ಲಿ ಗಿಬ್ಸನ್ನಿನ ಲೆಸ್ ಪಾಲ್, 1954ರಲ್ಲಿ ಫೆಂಡರಿನ ಸ್ಟ್ರಾಟೊಕ್ಯಾಸ್ಟರ್. ಇವತ್ತು 'ಸಾದಾ' ಎಂದು ನಾವು ಕರೆಯುವ ಗಿಟಾರಿನ ವಯಸ್ಸು ಇಷ್ಟೇ.

ನಮ್ಮ ಗಡಿಸೀಮೆಯ ಮಾತೇ ಬೇರೆ. ಇಲ್ಲಿ ತಂತಿಗೆ ಪಿಕಪ್ ಕೂಡಿಸಿ ಬೀದಿಯಲ್ಲಿ ಗರ್ಜಿಸಿದ್ದು ಬೆಂಜೋ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತಾಯಿಶೋಗೊತೊ ಎಂಬ ಕೀಲಿವಾದ್ಯ ಹಡಗು ಹತ್ತಿ ಬಂದು ನಮ್ಮಲ್ಲಿ ಬುಲ್‌ಬುಲ್ ತರಂಗವಾಯಿತು, ಮಹಾರಾಷ್ಟ್ರದ ಮೆರವಣಿಗೆಗಳಲ್ಲಿ ಪಿಕಪ್ ಕಟ್ಟಿಕೊಂಡು 'ಬೆಂಜೋ ಪಾರ್ಟಿ'ಯ ಮುಂದಾಳಾಯಿತು. ಗಣಪತಿ ಕಳಿಸುವ ದಿನ ಬೆಂಜೋ ಕೇಳಿದವರಿಗೆ ಎಲೆಕ್ಟ್ರಿಕ್ ಗಿಟಾರ್ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ.

ಹಳೇದು ಉಕ್ಕು ಅಳ್ಳಾಡೋದು ಕೇಳ್ತದ, ಹೊಸದು ಘೋಡಿ ಮ್ಯಾಲಿನ ಒತ್ತಡ ಕೇಳ್ತದ.

ಗಿಟಾರಿನವರು ಬ್ರಿಜ್ ಎನ್ನುವುದನ್ನು ತಂಬೂರಿಯವರು ಘೋಡಿ ಎನ್ನುತ್ತಾರೆ. ತಂತಿ ಕೂತು ಮೈಗೆ ನಡುಕ ದಾಟಿಸುವ ಜಾಗ ಅದು.

ಹಳೆಯದರ ಪಿಕಪ್ಪೆಂದರೆ ಅಯಸ್ಕಾಂತದ ಗೂಟಗಳ ಸುತ್ತ ಕೂದಲಿಗಿಂತ ಹೆಚ್ಚು ದಪ್ಪವಿಲ್ಲದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ. ಈ ಪಿಕಪ್ಪಿನ ಮೇಲೆ ನೈಲಾನ್ ತಂತಿ ಕಟ್ಟಿ ಎಷ್ಟು ಬಾರಿಸಿದರೂ ಸ್ಪೀಕರ್ ಬಾಯಿ ಬಿಡುವುದಿಲ್ಲ. ಅದಕ್ಕೆ ಕೇಳುವುದು ಉಕ್ಕು ಮಾತ್ರ, ಗಾಳಿಯ ಸದ್ದೂ ಅಲ್ಲ, ಮರದ ಸದ್ದೂ ಅಲ್ಲ.

ಹೊಸದರಲ್ಲಿ ಘೋಡಿಯ ಆರು ಮೆಟ್ಟಿಲುಗಳಲ್ಲಿ ಆರು ಪೀಜೊ ಹರಳುಗಳಿರುತ್ತವೆ. ಹರಳನ್ನು ಒತ್ತಿದರೆ ಕರೆಂಟು ಬರುತ್ತದೆಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಒಲೆ ಹಚ್ಚುವ ಗ್ಯಾಸ್ ಲೈಟರಿನಲ್ಲಿ ಟಕ್ಕೆಂದು ಕಿಡಿ ಹಾರಿಸುವುದೂ ಅಂಥದೇ ಹರಳು. ಇಲ್ಲಿ ತಂತಿಯ ನಡುಕ ಹರಳನ್ನು ಒತ್ತುತ್ತದೆ, ಬಿಡುತ್ತದೆ.

ಪೀಜೊ ದೊಡ್ಡ ಮಾತಲ್ಲ, ಆರು ಎಂಬುದು ದೊಡ್ಡ ಮಾತು. ಸಾದಾ ಗಿಟಾರಿನ ಪಿಕಪ್ ಆರೂ ತಂತಿಯ ದನಿಯನ್ನು ಕೂಡಿಸಿ ಒಂದೇ ವೈರಿನಲ್ಲಿ ಕಳಿಸುತ್ತದೆ. ಒಮ್ಮೆ ಕೂಡಿದ ಮೇಲೆ ಬಿಡಿಸಹೋಗುವುದು, ತೊಗರಿ, ಕಡಲೆ, ಹೆಸರು ಎಲ್ಲ ಕೂಡಿಸಿ ಬೀಸಿದ ಹಿಟ್ಟಿನಿಂದ ಕಾಳು ಆರಿಸಿದಂತೆ. ಮಾಡೆಲಿಂಗ್ ಗಿಟಾರ್ ಬೀಸುವ ಮೊದಲೇ ಆರು ಕಾಳನ್ನೂ ಬೇರೆ ಬೇರೆ ಇಟ್ಟುಕೊಂಡಿರುತ್ತದೆ, ಆರಕ್ಕೂ ಬೇರೆ ಬೇರೆ ಲೆಕ್ಕ ಹಾಕುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿ 1995ರಲ್ಲಿ ವಿಜಿ-8 ಎಂಬ ಪೆಟ್ಟಿಗೆ ತಂದಾಗ ಮಾಡಿದ್ದೂ ಇದನ್ನೇ: ಸಾದಾ ಗಿಟಾರಿಗೆ ಆರು ಪುಟ್ಟ ಸುರುಳಿಗಳ ಪಿಕಪ್ ಅಂಟಿಸಿ, ಆರು ದನಿಯನ್ನೂ ಬೇರೆ ಬೇರೆಯಾಗಿ ಹೊರಗಿನ ಪೆಟ್ಟಿಗೆಗೆ ಕಳಿಸಿತು. 2003ರ ಹೊತ್ತಿಗೆ ಲೈನ್ 6 ಕಂಪನಿಯ ವೇರಿಯಾಕ್ಸ್ ಆ ಪೆಟ್ಟಿಗೆಯನ್ನೇ ಗಿಟಾರಿನ ಹೊಟ್ಟೆಯೊಳಕ್ಕೆ ಹಾಕಿತು. ಹುಡುಗ ಕೇಳಿದ್ದು ಈ ವೇರಿಯಾಕ್ಸ್ ಜಾತಿಯದರ ಬಗ್ಗೆ.

ಜನರೇಟರ್ ಚಾಲೂ ಆತಂದ್ರ ಹಳೇದು ಗುಂಯ್ ಅಂತದ.

ಪುಸ್ತಕಗಳಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ವಿಷಯ ನಮ್ಮ ಕಡೆಯ ಸ್ಟೇಜಿನ ಮೇಲೆ ರಾತ್ರಿಯೆಲ್ಲ ಕಾಡುತ್ತದೆ. ತಾಮ್ರದ ಸುರುಳಿ ಎಂದರೆ ಆಂಟೆನಾ ಕೂಡ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಓಡುತ್ತದೆ, ಅದರ ಕ್ಷೇತ್ರ ಸುರುಳಿಗೆ ಬಡಿದರೆ ಸ್ಪೀಕರಿನಲ್ಲಿ ಆ ಗುಂಯ್. ಮಗ್ಗುಲಲ್ಲಿ ಜನರೇಟರ್, ತಲೆಯ ಮೇಲೆ ಸೀರಿಯಲ್ ಸೆಟ್ಟು, ಡಿಮ್ಮರಿನ ಬಣ್ಣದ ದೀಪ, ಹಿಂದೆ ಎಲ್‌ಇಡಿ ಪರದೆ: ಇವೆಲ್ಲದರ ನಡುವೆ ಒಂಟಿ ಸುರುಳಿಯ ಪಿಕಪ್ಪಿನವ ಕೈ ತೆಗೆದೊಡನೆ ಗುಂಯ್‌ಗುಟ್ಟುವುದು ಗಾಯಕರಿಗಿಂತ ಮೊದಲು ಮೈಕ್ ಸೆಟ್ಟಿನವನಿಗೆ ಕೇಳುತ್ತದೆ, ಅವ ಗಿಟಾರಿನ ವಾಲ್ಯೂಮನ್ನೇ ಇಳಿಸಿಬಿಡುತ್ತಾನೆ. ಊರಿನ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಕೇಳಿಸದಿರುವುದಕ್ಕೆ ಅರ್ಧ ಕಾರಣ ಇದೇ ಎಂದು ನನ್ನ ಗುಮಾನಿ.

ಪೀಜೊ ಹರಳಿಗೆ ಸುರುಳಿ ಇಲ್ಲ, ಹೀಗಾಗಿ ಈ ಕ್ಷೇತ್ರ ಅದರ ಹತ್ತಿರ ಸುಳಿಯುವುದಿಲ್ಲ. ಮಾಡೆಲಿಂಗ್ ಗಿಟಾರು ಸ್ಟ್ರಾಟೊಕ್ಯಾಸ್ಟರಿನ ದನಿ ಕೊಡುತ್ತದೆ, ಅದರ ಗುಂಯ್ ಮಾತ್ರ ಕೊಡುವುದಿಲ್ಲ. ಹಾಗೆಂದು ಹಳೆಯದು ಕೈಕಟ್ಟಿ ಕೂತಿಲ್ಲ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲೇ ಇದಕ್ಕೆ ಮದ್ದು ಕಂಡಿದ್ದ: ಎರಡು ಸುರುಳಿ ಇಟ್ಟು, ಒಂದನ್ನು ಉಲ್ಟಾ ಸುತ್ತಿ, ಅದರ ಅಯಸ್ಕಾಂತವನ್ನೂ ಉಲ್ಟಾ ಕೂಡಿಸಿದರೆ ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಹೊಡೆದುಕೊಂಡು ಸಾಯುತ್ತದೆ, ತಂತಿಯ ದನಿ ಕೂಡಿ ದೊಡ್ಡದಾಗುತ್ತದೆ. ಹಂಬಕರ್ ಎನ್ನುವುದು ಇದಕ್ಕೇ. ಪೇಟೆಂಟ್ ಬಂದದ್ದು 1959ರಲ್ಲಿ. ಗುಂಯ್ ಒಂದೇ ಚಿಂತೆಯಾದರೆ ಹಂಬಕರ್ ಇರುವ ಸಾದಾ ಗಿಟಾರ್ ಸಾಕು.

ಇನ್ನೊಂದು ಮಾತು, ಇದರಲ್ಲಿ ಹಳೆಯದೂ ಹೊಸದೂ ಒಂದೇ. ಅರ್ಥಿಂಗ್ ಇಲ್ಲದ ಸ್ಟೇಜಿನಲ್ಲಿ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಚುರ್ ಎಂದರೆ ನಗಬೇಡಿ. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಗ ಲೆಸ್ಲಿ ಹಾರ್ವಿ ಸ್ಟೇಜಿನ ಮೇಲೆಯೇ ಸತ್ತದ್ದು ಇದರಿಂದ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ. ಗಿಟಾರ್ ಯಾವುದೇ ಇರಲಿ, ಮೊದಲು ಸ್ಟೇಜಿನ ಹಿಂದೆ ಹೋಗಿ ಅರ್ಥಿಂಗ್ ವೈರು ಎಲ್ಲಿ ಹೋಗಿದೆ ನೋಡಬೇಕು.

ಹೊಸದರ ಹೊಟ್ಟ್ಯಾಗ ಇಪ್ಪತ್ತು ಗಿಟಾರ್ ಅವ, ಆದ್ರ ರೆಕಾರ್ಡ್ ಒಂದೂ ಇಲ್ಲ.

ಆರ್ಕೆಸ್ಟ್ರಾ ಮಂದಿಗೆ ಎಲೆಕ್ಟ್ರಾನಿಕ್ ವಾದ್ಯ ಎಂದೊಡನೆ ನೆನಪಾಗುವುದು ಆಕ್ಟೊಪ್ಯಾಡ್. ರೋಲ್ಯಾಂಡಿನ ಎಸ್‌ಪಿಡಿ-20 ಇಲ್ಲದ ತಂಡ ಒಂದು ಕಾಲಕ್ಕೆ ತಂಡವೇ ಆಗಿರಲಿಲ್ಲ. ಕೋಲಿನಿಂದ ರಬ್ಬರಿನ ಮೇಲೆ ಹೊಡೆದರೆ ಒಳಗೆ ತುಂಬಿಟ್ಟ ತಬಲಾದ ದನಿ ಹೊರಬರುತ್ತದೆ. ಹೊಡೆತ ನಿಮ್ಮದು, ದನಿ ಎಂದೋ ಎಲ್ಲೋ ಸಿದ್ಧವಾದದ್ದು. ಮಾಡೆಲಿಂಗ್ ಗಿಟಾರೂ ಹೀಗೆಯೇ ಇರಬೇಕೆಂದು ಹುಡುಗ ತಿಳಿದಿದ್ದ. ತುಂಬ ಜನ ಹಾಗೇ ತಿಳಿದಿದ್ದಾರೆ.

ಅದರ ಒಳಗೆ ತುಂಬಿಟ್ಟ ಗಿಟಾರ್ ದನಿ ಇಲ್ಲವೇ ಇಲ್ಲ. ಹೊರಬರುವುದು ನಿಮ್ಮ ತಂತಿಯ ದನಿಯೇ. ಲೆಕ್ಕ ಅದನ್ನು ತಿದ್ದುತ್ತದೆ. ಆ ಲೆಕ್ಕವನ್ನು ಒಂದು ಸಲ ಬಿಡಿಸಿ ನೋಡಿದರೆ ಇಡೀ ವಿಷಯ ಕೈಗೆ ಬರುತ್ತದೆ.

ಸ್ಟ್ರಾಟೊಕ್ಯಾಸ್ಟರಿನ ತಂತಿಯ ಉದ್ದ 25.5 ಇಂಚು, ಅಂದರೆ 648 ಮಿಲಿಮೀಟರ್. ಕುತ್ತಿಗೆಯ ಕಡೆಯ ಪಿಕಪ್ ಘೋಡಿಯಿಂದ ಸುಮಾರು 162 ಮಿಲಿಮೀಟರ್ ದೂರ, ಸರಿಯಾಗಿ ಕಾಲುಭಾಗ. ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಸೆಕೆಂಡಿಗೆ 82.4 ಸಲ ನಡುಗುತ್ತದೆ. ಒಂದೇ ತಂತಿ ಅದೇ ಹೊತ್ತಿಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟೂ ನಡುಗುತ್ತಿರುತ್ತದೆ. ತಂಬೂರಿ ಕೇಳಿದ ಕಿವಿಗೆ ಈ ಉಪಸ್ವರಗಳ ಪರಿಚಯ ಇದ್ದೇ ಇದೆ. ನಾಲ್ಕನೆಯದು ಸುಮಾರು 330. ಈ ನಾಲ್ಕನೆಯ ನಡುಕದಲ್ಲಿ ತಂತಿ ನಾಲ್ಕು ತುಂಡಾಗಿ ತೂಗುತ್ತದೆ, ತುಂಡುಗಳು ಸೇರುವ ಬಿಂದು ಅಲುಗುವುದೇ ಇಲ್ಲ. ಆ ಬಿಂದು ಇರುವುದು ಕಾಲುಭಾಗದಲ್ಲಿ, ಪಿಕಪ್ಪಿನ ನೆತ್ತಿಯ ಮೇಲೆ! ಅಲುಗದ್ದು ಅದಕ್ಕೆ ಕೇಳದು. 330ರ ಮಟ್ಟಿಗೆ ಆ ಪಿಕಪ್ ಹೆಚ್ಚುಕಡಿಮೆ ಕಿವುಡು. ಸ್ಟ್ರಾಟೊಕ್ಯಾಸ್ಟರಿನ ಕುತ್ತಿಗೆ ಪಿಕಪ್ಪಿನ ದುಂಡನೆಯ, ಕೊಳವೆಯಿಂದ ಬಂದಂಥ ದನಿಯಲ್ಲಿ ದೊಡ್ಡ ಪಾಲು ಈ ಕಿವುಡಿನದು. ಘೋಡಿಯ ಹತ್ತಿರದ ಪಿಕಪ್ಪಿಗೆ ಅಂಥ ಕಿವುಡು ತುಂಬ ಮೇಲಿನ ಉಪಸ್ವರಗಳಲ್ಲಿ ಬರುತ್ತದೆ. ಅದಕ್ಕೇ ಅದು ಕಡಕ್ಕಾಗಿ ಕೇಳುತ್ತದೆ.

ಈಗ ಕಂಪ್ಯೂಟರಿನ ಕೆಲಸ. ಅದಕ್ಕೆ ಸಿಗುವುದು ಘೋಡಿಯ ಮೇಲಿನ ದನಿ ಮಾತ್ರ, ಅಲ್ಲಿ ಎಲ್ಲ ಉಪಸ್ವರಗಳೂ ಇವೆ. ಅಲೆ ಕಾಲುಭಾಗದಿಂದ ಘೋಡಿಗೆ ಹೋಗಿ, ಬಡಿದು, ತಲೆಕೆಳಗಾಗಿ ತಿರುಗಿ ಅಲ್ಲಿಗೇ ಬರಲು ದಪ್ಪ ತಂತಿಯಲ್ಲಿ ಸುಮಾರು 3 ಮಿಲಿಸೆಕೆಂಡು ಬೇಕು. ಕಂಪ್ಯೂಟರು ದನಿಯ ಒಂದು ಪ್ರತಿ ತೆಗೆದು, 3 ಮಿಲಿಸೆಕೆಂಡು ತಡ ಮಾಡಿ, ಮೂಲದಿಂದ ಕಳೆಯುತ್ತದೆ. 330 ಮಾಯ! ಪಿಕಪ್ಪೇ ಇಲ್ಲದ ಜಾಗದಲ್ಲಿ ಪಿಕಪ್ ಕೂತಂತಾಯಿತು. ತೆಳು ತಂತಿಯಲ್ಲಿ ಅಲೆ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ, ಅಲ್ಲಿ ತಡ ಮುಕ್ಕಾಲು ಮಿಲಿಸೆಕೆಂಡು ಸಾಕು. ಆರು ತಂತಿಗೆ ಆರು ಲೆಕ್ಕ. ಆರು ದನಿಯನ್ನೂ ಬೇರೆ ಬೇರೆ ಇಟ್ಟುಕೊಂಡದ್ದು ಏಕೆಂದು ಈಗ ತಿಳಿಯುತ್ತದೆ. ಇದರ ಮೇಲೆ ಸುರುಳಿಯ ಗುಣ, ಮೈಯ ಅನುರಣನ ಎಲ್ಲ ಸೇರುತ್ತವೆ, ಆದರೆ ಅಡಿಪಾಯ ಇದು.

ಇದರಿಂದ ಒಂದು ಒಳ್ಳೆಯದೂ ಒಂದು ಕೆಟ್ಟದೂ ಹುಟ್ಟುತ್ತವೆ. ನಿಮ್ಮ ಮೀಂಡು, ನಿಮ್ಮ ಉಗುರಿನ ಏಟು, ನಿಮ್ಮ ಬೆರಳಿನ ಜಾರಾಟ ಎಲ್ಲ ಉಳಿಯುತ್ತದೆ, ಆಕ್ಟೊಪ್ಯಾಡಿನಲ್ಲಿ ಕಳೆದುಹೋಗುವಂತೆ ಹೋಗುವುದಿಲ್ಲ. ಕೈ ಕೆಟ್ಟದಾಗಿದ್ದರೆ ಇಪ್ಪತ್ತು ಗಿಟಾರಿನಲ್ಲೂ ಅದೇ ಕೆಟ್ಟ ಕೈ ಕೇಳುತ್ತದೆ, ಅದೂ ಅಷ್ಟೇ ನಿಜ. ಅಲ್ಲದೆ ಅಂಗೈ ಘೋಡಿಗೆ ತಾಗಿಸಿ ತಂತಿ ಮುಚ್ಚಿ ಬಾರಿಸುವವರಿಗೆ ಪೀಜೊ ಅಂಗೈಯ ಒತ್ತಡವನ್ನೂ ಕೇಳಿ ಡಬ್ ಡಬ್ ಎನ್ನಬಹುದು. ರಾಕ್ ಬಾರಿಸುವ ಹುಡುಗರು ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಹೊಸದು ಕೊಡುವ ದನಿಗಳ ಪಟ್ಟಿಯಲ್ಲಿ ಸಿತಾರ್ ಎಂದೂ ಒಂದಿರುತ್ತದೆ. ಮಿರಜಿನಲ್ಲಿ ಸಿತಾರ್ ಕಟ್ಟುವವರು ಅದನ್ನು ಕೇಳದಿದ್ದರೆ ಚೆನ್ನ. ಅದು ನಕಲು ಮಾಡಿದ್ದು ಅಮೆರಿಕದವರ ಎಲೆಕ್ಟ್ರಿಕ್ ಸಿತಾರನ್ನು, ಹಾಗಾಗಿ ನಕಲಿನ ನಕಲು.

ಹಾಡವರು ಕಾಳಿ ಏಕ್ ಬಿಟ್ಟು ಪಾಂಢ್ರಿ ಏಕಕ್ಕ ಇಳದ್ರ, ಹೊಸದು ತಾನೂ ಇಳೀತದ.

ಹಾರ್ಮೋನಿಯಂ ಮಂದಿಯ ಲೆಕ್ಕದಲ್ಲಿ ಕಾಳಿ ಏಕ್ ಎಂದರೆ ಮೊದಲ ಕಪ್ಪು ಮನೆ, ಪಾಂಢ್ರಿ ಏಕ್ ಎಂದರೆ ಮೊದಲ ಬಿಳಿ ಮನೆ. ನಡುವೆ ಅರ್ಧ ಸ್ವರ. ಸಂಜೆ ಕಾಳಿ ಏಕಿನಲ್ಲಿ ಶುರು ಮಾಡಿದ ಗಾಯಕನ ಗಂಟಲು ನಡುರಾತ್ರಿಯ ಹೊತ್ತಿಗೆ ಇಳಿಯುತ್ತದೆ. ಹಾರ್ಮೋನಿಯಮ್ಮಿನವ ಒಂದು ಮನೆ ಪಕ್ಕಕ್ಕೆ ಸರಿಯುತ್ತಾನೆ. ಗಿಟಾರಿನವನಿಗೆ ಫಜೀತಿ. ತೆರೆದ ತಂತಿಯಲ್ಲಿ ನುಡಿಸುತ್ತಿದ್ದ ಕಾರ್ಡುಗಳೆಲ್ಲ ಕೈ ತಪ್ಪುತ್ತವೆ. ಕುತ್ತಿಗೆಗೆ ಕಚ್ಚಿಸುವ ಕೇಪೊ ಇದೆಯಲ್ಲ ಎನ್ನಬಹುದು. ಅದು ಶ್ರುತಿ ಏರಿಸುತ್ತದೆ, ಇಳಿಸಲಾರದು.

ಮಾಡೆಲಿಂಗ್ ಗಿಟಾರು ಒಂದೊಂದು ತಂತಿಯ ದನಿಯನ್ನೂ ಲೆಕ್ಕದಲ್ಲೇ ಏರಿಸಬಲ್ಲದು, ಇಳಿಸಬಲ್ಲದು. ಮೊದಲು ಕಂಪ್ಯೂಟರಿಗೆ ಕೂಡಿಸಿ ಹೊಂದಿಸಬೇಕಿತ್ತು. 2010ರಲ್ಲಿ ಬಂದ ಜೇಮ್ಸ್ ಟೈಲರ್ ವೇರಿಯಾಕ್ಸ್ ಮಾದರಿಗಳಲ್ಲಿ ಅದಕ್ಕೆಂದೇ ಗಿಟಾರಿನ ಮೇಲೆಯೇ ಒಂದು ಗುಂಡಿ ಬಂತು. ಒಂದು ತಿರುವು, ಆರೂ ತಂತಿ ಅರ್ಧ ಸ್ವರ ಕೆಳಗೆ. ಇನ್ನೊಂದು ತಿರುವು, ಪಂಚಮ ಷಡ್ಜದ ತೆರೆದ ಶ್ರುತಿ. ಏಕತಾರಿ, ದಮ್ಮಡಿ, ತಾಳಗಳ ಮೇಲೆ ಕಡಕೋಳ ಮಡಿವಾಳಪ್ಪನವರ ತತ್ವಪದ ನಿಂತಿರುವ ಸೀಮೆ ಇದು. ಹಾಡುವವರ ಕೆಳಗೆ ಬಿಡದೆ ನುಡಿಯುವ ಒಂದು ಷಡ್ಜ ಇಲ್ಲಿಯ ಕಿವಿಗೆ ಬೇಕೇ ಬೇಕು. ಖುಂಟಿ ತಿರುವದೆ ಗಿಟಾರ್ ಆ ಷಡ್ಜ ಕೊಡುವುದಾದರೆ ನಾನು ಟೋಪಿ ತೆಗೆಯುತ್ತೇನೆ. ಇಡೀ ಹೋಲಿಕೆಯಲ್ಲಿ ಹೊಸದು ಹಳೆಯದನ್ನು ನಿಜವಾಗಿ ಸೋಲಿಸುವುದು ಇಲ್ಲೇ. ಬಾಕಿಯದೆಲ್ಲ ಚೌಕಾಸಿ.

ಇಂಥ ಬದಲಿ ನಮಗೆ ಹೊಸದೂ ಅಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿ ತೋರಿಸಿದ್ದು 1979ರಲ್ಲಿ. ಅವರ ರಾಡೆಲ್ ಪೆಟ್ಟಿಗೆ ಇಲ್ಲದ ಸಂಗೀತದ ಮನೆ ಈಗ ಅಪರೂಪ. ಘೋಡಿಯ ಮೇಲೆ ಎಳೆ ಇಟ್ಟು ಜವಾರಿ ಬಿಡಿಸಿದ ನಿಜವಾದ ತಂಬೂರಿಯ ಮುಂದೆ ಆ ಪೆಟ್ಟಿಗೆ ಬಡವ ಎಂದು ಎಲ್ಲ ಗವಾಯಿಗಳೂ ಹೇಳುತ್ತಾರೆ, ಮರುದಿನ ಬೆಳಿಗ್ಗೆ ರಿಯಾಜಿಗೆ ಅದನ್ನೇ ಹಚ್ಚಿಕೊಂಡು ಕೂಡುತ್ತಾರೆ. ಗಿಟಾರಿನ ಮಾತು ಇಷ್ಟು ಸಲೀಸಲ್ಲ. ತಂಬೂರಿ ಪೆಟ್ಟಿಗೆಗೆ ಸ್ವಿಚ್ ಹಾಕಿ ಕೈಬಿಟ್ಟರೆ ಮುಗಿಯಿತು. ಮಾಡೆಲಿಂಗ್ ಗಿಟಾರಿನ ಜೊತೆ ಕೈ ರಾತ್ರಿಯೆಲ್ಲ ಜಗಳ ಆಡಬೇಕು ಅಥವಾ ಹೊಂದಿಕೊಂಡು ಹೋಗಬೇಕು.

ಒಂದು ಎಚ್ಚರಿಕೆ. ಲೆಕ್ಕ ಇಳಿಸುವುದು ತಂತಿಯ ಆಗಿನ ಶ್ರುತಿಯಿಂದಲೇ. ಕಲಬುರಗಿಯ ಬೇಸಿಗೆಯಲ್ಲಿ 42 ಡಿಗ್ರಿಗೆ ಕಾದ ಟೆಂಪೊದಿಂದ ಇಳಿಸಿದ ಗಿಟಾರಿನ ತಂತಿ ಜೋಲು ಬಿದ್ದಿದ್ದರೆ, ಹೊಸದರಲ್ಲೂ ಅಷ್ಟೇ ಜೋಲು. ಖುಂಟಿ ತಿರುವುವ ಕೆಲಸ ಪೂರಾ ತಪ್ಪುವುದಿಲ್ಲ.

ಸಪ್ಪಳ ಇಲ್ಲದ ಮನ್ಯಾಗ ಬಾರಿಸಿದ್ರ ಗುಟ್ಟು ಹೊರಗ ಬೀಳ್ತದ.

ಶ್ರುತಿ ಇಳಿಸಿಟ್ಟು ಮನೆಯಲ್ಲಿ ಮೆಲ್ಲಗೆ ಬಾರಿಸಿ ನೋಡಿ. ಸ್ಪೀಕರಿನಿಂದ ಪಾಂಢ್ರಿ ಏಕ್, ಎದೆಗೆ ಹತ್ತಿದ ಗಿಟಾರಿನ ತಂತಿಯಿಂದ ಕಾಳಿ ಏಕ್. ಎರಡೂ ಕಿವಿಗೆ ಒಟ್ಟಿಗೇ ಬೀಳುತ್ತವೆ, ಹಲ್ಲು ಜುಮ್ಮೆನ್ನುತ್ತದೆ. ಸ್ಟೇಜಿನಲ್ಲಿ ಸ್ಪೀಕರಿನ ಅಬ್ಬರಕ್ಕೆ ತಂತಿಯ ಸಣ್ಣ ದನಿ ಅಡಗುತ್ತದೆ, ಮನೆಯಲ್ಲಿ ಹೆಡ್‌ಫೋನ್ ಬೇಕು. ದನಿ ತಡವಾಗಿ ಬರುತ್ತದೆ ಎಂಬ ದೂರು ಇನ್ನೊಂದಿದೆ, ಅದನ್ನು ನಾನು ಅಷ್ಟು ನಂಬುವುದಿಲ್ಲ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೂರು ಮೀಟರ್ ಆಚೆ ಇಟ್ಟ ಸ್ಪೀಕರಿನಿಂದಲೇ ದನಿ 9 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಅದನ್ನು ಜೀವಮಾನವಿಡೀ ಸಹಿಸಿದವರು ಕಂಪ್ಯೂಟರಿನ ಕೆಲವು ಮಿಲಿಸೆಕೆಂಡಿಗೆ ಮುಖ ಸಿಂಡರಿಸುವುದು ನ್ಯಾಯವಲ್ಲ.

ಸ್ಪೀಕರ್ ಮುಂದ ನಿಂತು ತಂತಿ ಚೀರಸಬೇಕಂದ್ರ ಹಳೇದೇ ಬೇಕು.

ಸ್ಪೀಕರಿನ ಸದ್ದು ತಂತಿಯನ್ನು ನಡುಗಿಸಿ, ತಂತಿ ಮತ್ತೆ ಸ್ಪೀಕರನ್ನು ಕೂಗಿಸಿ, ಒಂದು ಸ್ವರ ಮುಗಿಯದೆ ನಿಲ್ಲುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. 1969ರಲ್ಲಿ ವುಡ್‌ಸ್ಟಾಕಿನಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನು ಆಯುಧ ಮಾಡಿಕೊಂಡ. ಶ್ರುತಿ ಇಳಿಸಿದ ಮಾಡೆಲಿಂಗ್ ಗಿಟಾರಿನಲ್ಲಿ ಸ್ಪೀಕರ್ ಕೂಗುವ ಸ್ವರ ಒಂದು, ತಂತಿಗೆ ಹತ್ತುವ ಸ್ವರ ಇನ್ನೊಂದು. ಸುತ್ತು ಕೂಡುವುದೇ ಇಲ್ಲ. ಮದುವೆ ಮಂಟಪದಲ್ಲಿ ಇದರ ಕೊರತೆ ಯಾರಿಗೂ ಕಾಣುವುದಿಲ್ಲ, ಮುಂದೆ ಹೋಗೋಣ.

ಹಳೇದು ಕೆಟ್ರ ಊರಾಗ ದುರಸ್ತಿ, ಹೊಸದು ಕೆಟ್ರ ಊರಿಗೂರು ತಿರುಗಾಟ.

ಸಾದಾ ಗಿಟಾರಿನ ಹಿಂದಿನ ಮುಚ್ಚಳ ಬಿಚ್ಚಿದರೆ ಕಾಣುವುದು ವಾಲ್ಯೂಮ್ ಕಂಟ್ರೋಲು, ಟೋನ್ ಕಂಟ್ರೋಲು, ಒಂದು ಕೆಪಾಸಿಟರ್, ಒಂದು ಸ್ವಿಚ್ಚು, ಒಂದು ಜ್ಯಾಕು. ಟ್ರಾನ್ಸಿಸ್ಟರ್ ಕೂಡ ಇಲ್ಲ, ಬ್ಯಾಟರಿಯೂ ಇಲ್ಲ. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವ ಯಾವ ಅಂಗಡಿಯವನೂ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತಾನೆ. 1954ರ ಸ್ಟ್ರಾಟೊಕ್ಯಾಸ್ಟರುಗಳು ಇಂದಿಗೂ ನುಡಿಯುತ್ತಿರುವುದು ಇದರಿಂದಲೇ.

ಹೊಸದರೊಳಗೆ ಕಂಪ್ಯೂಟರ್ ಬೋರ್ಡ್ ಇದೆ, ಅದರದೇ ಬ್ಯಾಟರಿ ಇದೆ, ಅದಕ್ಕೆ ಮಾತು ಹೇಳುವ ಸಾಫ್ಟ್‌ವೇರ್ ಇದೆ, ಆ ಸಾಫ್ಟ್‌ವೇರ್ ಓಡಲು ಬೇಕಾದ ಕಂಪ್ಯೂಟರ್ ಇದೆ. ಈ ನಾಲ್ಕರಲ್ಲಿ ಒಂದು ಮುದಿಯಾದರೂ ಇಡೀ ಗಿಟಾರು ಮುದಿ. ಕಂಪನಿಗಳೂ ಕೈ ಬದಲಿಸುತ್ತವೆ. ಲೈನ್ 6 ಅನ್ನು 2014ರ ಆರಂಭದಲ್ಲಿ ಯಮಾಹ ಕೊಂಡುಕೊಂಡಿತು. ಮೊದಲ ಪೀಳಿಗೆಯ ವೇರಿಯಾಕ್ಸ್‌ಗಳಲ್ಲಿ ಅಯಸ್ಕಾಂತದ ಪಿಕಪ್ಪೇ ಇರಲಿಲ್ಲ. ಬ್ಯಾಟರಿ ಸತ್ತರೆ ಗಿಟಾರ್ ಮೂಕ, ನಡುಹಾಡಿನಲ್ಲಿ ಸತ್ತರೆ ನಡುಹಾಡಿನಲ್ಲೇ ಮೂಕ. ಆಮೇಲಿನ ಟೈಲರ್ ಮಾದರಿಗಳಲ್ಲಿ ಸಾದಾ ಪಿಕಪ್ ಕೂಡ ಇಟ್ಟರು, ಬ್ಯಾಟರಿ ಇಲ್ಲದಿದ್ದರೂ ಅವು ನುಡಿಯುತ್ತವೆ. ಕಂಪನಿಯವರಿಗೂ ತಡವಾಗಿ ಬುದ್ಧಿ ಬಂತೆಂದು ನಾನು ಓದಿಕೊಳ್ಳುತ್ತೇನೆ.

ಗಿಬ್ಸನ್ನಿನ ಕಥೆ ಇನ್ನೂ ಕಹಿ. 2007ರಿಂದ ಅವರು ಡಿಜಿಟಲ್ ಗಿಟಾರುಗಳನ್ನು ಒಂದರ ಮೇಲೊಂದು ತಂದರು. ಕೊನೆಗೆ ಫೈರ್‌ಬರ್ಡ್ ಎಕ್ಸ್ ಎಂಬ ದುಬಾರಿ ಗಿಟಾರು ಬಂತು, ಕೊಳ್ಳುವವರಿಲ್ಲದೆ ಉಳಿಯಿತು. 2019ರಲ್ಲಿ ಹೊರಬಿದ್ದ ಒಂದು ವಿಡಿಯೊದಲ್ಲಿ ಅಂಥ ನೂರಾರು ಗಿಟಾರುಗಳನ್ನು ಸಾಲಾಗಿ ಮಲಗಿಸಿ ಭಾರಿ ಯಂತ್ರವನ್ನು ಅವುಗಳ ಮೇಲೆ ಹತ್ತಿಸಿ ಪುಡಿ ಮಾಡುವುದನ್ನು ಜಗತ್ತು ನೋಡಿತು. ಅವು ದುರಸ್ತಿಗೆ ಬಾರದ ಸ್ಥಿತಿಯಲ್ಲಿದ್ದವು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ದುರಸ್ತಿಗೆ ಬಾರದ ಗಿಟಾರು! ಊರಿನ ಬಡಗಿಗೆ ಹೇಳಿದರೆ ಮುಖ ನೋಡುತ್ತಾನೆ.

ನರೋಣಾದಂಥ ಊರಿನಲ್ಲಿ ಈ ಸಾಲಿಗೆ ತೂಕ ಹೆಚ್ಚು. ಬೆಂಗಳೂರಿನವನಿಗೆ ಸರ್ವಿಸ್ ಸೆಂಟರ್ ಎಂದರೆ ಒಂದು ಫೋನು, ಒಂದು ಕೊರಿಯರ್. ಸೀಸನ್ನಿನಲ್ಲಿ ವಾರಕ್ಕೆ ನಾಲ್ಕು ಮದುವೆ ಹಿಡಿದವನ ಗಿಟಾರು ಹದಿನೈದು ದಿನ ಕೊರಿಯರಿನಲ್ಲಿದ್ದರೆ ಹೋಗುವುದು ಸೀಸನ್ನೇ.

ನಕಲು ಬೇಕಂದ್ರ ಕಾಲಾಗ ಇಟ್ಕೊ, ಎದಿಗಿ ಹಚ್ಕೋಬ್ಯಾಡ.

ಹುಡುಗನಿಗೆ ನಾನು ಹೇಳಬೇಕಾದದ್ದು ಇದು. ಉಳಿದ ಎಂಟು ಸಾಲು ಇದರ ಪೀಠಿಕೆ.

ಮಾಡೆಲಿಂಗ್ ಎಂಬುದು ಗಿಟಾರಿನೊಳಗೇ ಇರಬೇಕೆಂದೇನಿಲ್ಲ. ಲೈನ್ 6 ಕಂಪನಿಯೇ 1996ರಲ್ಲಿ ಬೇರೆ ಬೇರೆ ಆಂಪ್ಲಿಫೈಯರುಗಳ ನಕಲು ಮಾಡುವ ಆಂಪ್ಲಿಫೈಯರ್ ತಂತು, 1998ರಲ್ಲಿ ಪಾಡ್ ಎಂಬ ಕೆಂಪು ಡಬ್ಬಿ ತಂತು. 2006ರಲ್ಲಿ ಫ್ರ್ಯಾಕ್ಟಲಿನ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್. ಈಗ ಅದೇ ಕೆಲಸ ಕಾಲಡಿ ಇಡುವ ಅಗ್ಗದ ಪೆಟ್ಟಿಗೆಗಳಿಗೂ ಇಳಿದಿದೆ. ಇವು ನಕಲು ಮಾಡುವುದು ವಾಲ್ವ್ ಆಂಪ್ಲಿಫೈಯರನ್ನು, ಸ್ಪೀಕರಿನ ಮರದ ಪೆಟ್ಟಿಗೆಯನ್ನು, ಅದರ ಮುಂದಿಟ್ಟ ಮೈಕನ್ನು. ಹಾಡಿನಲ್ಲಿ ನಾವು 'ಗಿಟಾರ್ ದನಿ' ಎಂದು ಗುರುತಿಸುವುದರಲ್ಲಿ, ಅದರಲ್ಲೂ ಒಡೆದ ದನಿಯಲ್ಲಿ, ದೊಡ್ಡ ಪಾಲು ಇವುಗಳದು. ಪಿಕಪ್ ಎಲ್ಲಿ ಕೂತಿದೆ ಎಂಬುದರ ಪಾಲು ಅದಕ್ಕಿಂತ ಸಣ್ಣದು.

ನಮ್ಮ ಆರ್ಕೆಸ್ಟ್ರಾದವರು ವಾಲ್ವ್ ಆಂಪ್ಲಿಫೈಯರ್ ಹೊತ್ತು ತಿರುಗುವುದೂ ಇಲ್ಲ. ಗಿಟಾರಿನ ವೈರು ಸೀದಾ ಮಿಕ್ಸರಿಗೆ ಹೋಗುತ್ತದೆ, ದನಿ ತೆಳ್ಳಗೆ, ಒಣಗಿದ ಕಡ್ಡಿಯಾಗಿ ಬರುತ್ತದೆ, ಬೈಗುಳ ಗಿಟಾರಿಗೆ ಬೀಳುತ್ತದೆ. ನಡುವೆ ಕಾಲಡಿಯ ಪೆಟ್ಟಿಗೆ ಇಟ್ಟರೆ ಆ ಬೈಗುಳದ ಮುಕ್ಕಾಲು ಪಾಲು ನಿಂತುಹೋಗುತ್ತದೆ. ಪೆಟ್ಟಿಗೆ ಕೆಟ್ಟರೆ? ವೈರು ಕಿತ್ತು ಮಿಕ್ಸರಿಗೆ ಹಾಕಿದರೆ ಆ ರಾತ್ರಿ ಕಳೆಯುತ್ತದೆ. ಮುಂದೆ ಹೊಸ ಪೆಟ್ಟಿಗೆ ತಂದರೂ ಗಿಟಾರು ಅದೇ, ಕೈಗೆ ಒಗ್ಗಿದ ಕುತ್ತಿಗೆ ಅದೇ. ಮಾಡೆಲಿಂಗ್ ಗಿಟಾರಿಗೆ ಕೊಡುವ ಹಣದಲ್ಲಿ ಒಂದು ಪಾಲು ಬೋರ್ಡಿಗೆ ಹೋಗುತ್ತದೆ. ಅದೇ ಹಣಕ್ಕೆ ಸಾದಾ ಗಿಟಾರಿನಲ್ಲಿ ಒಳ್ಳೆಯ ಕುತ್ತಿಗೆ, ಸರಿಯಾಗಿ ಉಜ್ಜಿದ ಫ್ರೆಟ್ಟು, ಶ್ರುತಿ ಬಿಡದ ಖುಂಟಿ ಸಿಗುತ್ತವೆ.

ಹೀಗಂದ ಮೇಲೂ ಹೊಸದನ್ನೇ ಕೊಳ್ಳಬೇಕಾದವರು ಇದ್ದಾರೆ. ಒಬ್ಬನೇ ಗಿಟಾರಿನವ, ಒಂದೇ ರಾತ್ರಿ: ಮೊದಲು ಭಾವಗೀತೆಗೆ ಮರದ ಗಿಟಾರಿನ ದನಿ, ಆಮೇಲೆ ಹಳೆಯ ರಾಜಕುಮಾರ್ ಹಾಡು, ಸೊಲ್ಲಾಪುರದ ಬೀಗರಿಗಾಗಿ ಒಂದು ಲಾವಣಿ, ಕುಣಿಯುವ ಹುಡುಗರಿಗೆ ಹಿಂದಿ ಡಿಸ್ಕೊ, ನಡುವೆ ಯಾರೋ ಹಿರಿಯರು ಎದ್ದು ತತ್ವಪದ ಎಂದರೆ ಅದೂ. ಆಳಂದ ಅಫಜಲಪುರದ ಕಡೆ ಇದು ಕಟ್ಟುಕಥೆಯಲ್ಲ, ಮಾಮೂಲಿ ಕಾರ್ಯಕ್ರಮ. ಮರದ ಗಿಟಾರ್, ಎಲೆಕ್ಟ್ರಿಕ್ ಗಿಟಾರ್ ಎರಡೂ ಹೊತ್ತು, ಹಾಡಿನ ನಡುವೆ ಪಟ್ಟಿ ಬದಲಿಸುತ್ತ ನಿಲ್ಲುವುದಕ್ಕಿಂತ ಗುಂಡಿ ತಿರುವುವುದು ಮೇಲು. ಅಂಥವನು ಕೊಳ್ಳಲಿ, ಆದರೆ ಅಯಸ್ಕಾಂತದ ಪಿಕಪ್ಪೂ ಇರುವ ಮಾದರಿಯನ್ನೇ ಕೊಳ್ಳಲಿ.

ಸೆಕೆಂಡ್ ಹ್ಯಾಂಡ್ ಸಿಕ್ಕಿತೆಂದರೆ ಮೊದಲು ಮಾಡೆಲ್ ದನಿಗೆ ಹಾಕಿ, ಪೆಟ್ಟಿಗೆ ಗಿಟ್ಟಿಗೆ ಏನೂ ಕೂಡಿಸದೆ, ಒಂದೊಂದೇ ತಂತಿ ಒಂದೇ ಬಲದಲ್ಲಿ ಮೀಟಿ ಕೇಳಬೇಕು. ಐದು ತಂತಿ ಸಮನಾಗಿದ್ದು ಒಂದು ಮಾತ್ರ ಸಣ್ಣಗೆ ಕೇಳಿದರೆ ಅದರ ಕೆಳಗಿನ ಹರಳು ಹೋಗಿದೆ ಎಂದೇ ತಿಳಿಯಬೇಕು. ಆಮೇಲೆ ಸಾದಾ ಪಿಕಪ್ಪಿಗೆ ಬದಲಿಸಿ, ಬ್ಯಾಟರಿ ಕಿತ್ತಿಟ್ಟು, ಮತ್ತೆ ಆರೂ ಮೀಟಬೇಕು. ಮಾರುವವ "ಬ್ಯಾಟರಿ ಚಾರ್ಜ್ ಇಲ್ಲ, ನಾಳೆ ಬಾ" ಎಂದರೆ ನಾಳೆ ಹೋಗಬೇಕು, ದುಡ್ಡು ಇವತ್ತು ಕೊಡಬಾರದು.